ನನ್ನದು ಅಡುಗೆಮನೆಯಲ್ಲೇ ಆಯಿತು

ಇಲ್ಲಿ ರಜೆಯ ದಿನವಾದ ಶುಕ್ರವಾರ ಪೂಜೆ ಮುಗಿಸಿ ಇಗರ್ಜಿಯಿಂದ ಹೊರಗೆ ಬರುವಾಗ ಯಾರಾದರೂ ಒಬ್ಬ ಹೊಸ ಹುಡುಗಿಯನ್ನು ಕೈ ಹಿಡಿದು ನನ್ನ ಮುಂದೆ ತಂದು ನಿಲ್ಲಿಸುತ್ತಾರೆ. ಉಡುಪಿ ಕಡೆಯವಳೋ ಮಂಗಳೂರು ಕಡೆಯವಳೋ, ಅಡುಗೆ ಕೆಲಸಕ್ಕೆಂದು ಬಂದವಳು. "ಇವರು ಜೂಲಿಬಾಯಿ. ದುಖಾನಿನಲ್ಲಿ ಇಂಗ್ಲಿಷಿನವರ ಮನೆಯಲ್ಲಿ ಇದ್ದವರು. ಎಂತ ಕೇಳ್ಬೇಕಾ ಇವರ ಹತ್ರ ಕೇಳು" ಎನ್ನುತ್ತಾರೆ. ಈಗ ನಾನು ಕೆಲಸ ಬಿಟ್ಟು ದೋಹಾದ ಅಲ್ ಥುಮಾಮಾದಲ್ಲಿ ಮಗಳ ಮನೆಯಲ್ಲಿದ್ದೇನೆ. ಹೊತ್ತು ಬೇಕಾದಷ್ಟಿದೆ. ಮಾತಿಗಂತೂ ನಾನು ಮೊದಲಿನಿಂದಲೂ ಜಿಪುಣಿಯಲ್ಲ.

ಹುಡುಗಿಯರು ಕೇಳುವುದು ಒವನ್ ಬಗ್ಗೆ, ಕೇಕ್ ಬಗ್ಗೆ, ಮೇಡಂ ಬೈದರೆ ಏನು ಮಾಡುವುದು ಎನ್ನುವ ಬಗ್ಗೆ. ಅದನ್ನೆಲ್ಲ ಹೇಳುತ್ತೇನೆ. ಕೊನೆಗೆ, "ನೀನು ಕೆಲಸ ಮಾಡುವ ಮನೆಯಲ್ಲಿ ಯಾರಾದರೂ ನಿನ್ನದು ಊಟ ಆಯಿತಾ ಎಂದು ಕೇಳಿದರೆ ನಾಚಿಕೆ ಮಾಡಬೇಡ, ಕೂತು ತಿಂದುಬಿಡು" ಎನ್ನುತ್ತೇನೆ. ಅವರಿಗೆ ನಗು ಬರುತ್ತದೆ. ಇದೇನು ದೊಡ್ಡ ಉಪದೇಶ ಎಂಬ ಹಾಗೆ ಮುಖ ಮುಖ ನೋಡಿಕೊಳ್ಳುತ್ತಾರೆ. ಅವರಿಗೆ ನಿಂತಲ್ಲೇ ಹೇಳಿ ಮುಗಿಸಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ದುಖಾನ್ ಅಂದರೆ ಈ ಕೊಲ್ಲಿ ದೇಶದ ಪಶ್ಚಿಮದ ಕಡಲ ಬದಿ, ತೈಲದ ಊರು. ಕಂಪನಿಯ ಮನೆಗಳು ಸಾಲಾಗಿ, ಒಂದರ ಹಾಗೆ ಇನ್ನೊಂದು. ನಮ್ಮ ಸಾಹೇಬರು ಅಲ್ಲಿ ಎಂಜಿನಿಯರ್. ಅವರ ಹೆಂಡತಿ ಹೆಲೆನ್ ಮೇಡಂ. ಮಕ್ಕಳಿಬ್ಬರೂ ಇಂಗ್ಲೆಂಡಿನಲ್ಲೇ ಓದುತ್ತಿದ್ದರು. ಮನೆಯಲ್ಲಿ ಅಡುಗೆಗೆ ನಾನು, ಕಾರಿಗೆ ಸುಧಾಕರಣ್ಣ. ಸುಧಾಕರಣ್ಣ ಕಾಪುವಿನವರು. ನನ್ನನ್ನು 'ಬಾಯಮ್ಮ' ಎನ್ನುತ್ತಿದ್ದರು. ನನ್ನ ಮೀನುಸಾರಿನ ವಾಸನೆ ಬಂದ ದಿನ ಅವರಿಗೆ ಅಡುಗೆಮನೆಯಲ್ಲಿ ಏನಾದರೂ ಒಂದು ಕೆಲಸ ಇದ್ದೇ ಇರುತ್ತಿತ್ತು.

ಮೊದಲ ವರ್ಷ ನಾನು ಮಾಡಿದ ಎಡವಟ್ಟುಗಳನ್ನು ಕೇಳಿದರೆ ಈಗಿನ ಹುಡುಗಿಯರು ಧೈರ್ಯ ತಂದುಕೊಳ್ಳಬಹುದು. ಬಿಳಿ ಸಾಸ್ ಮಾಡು ಎಂದರೆ ತೆಂಗಿನಹಾಲು ಹಾಕಿ ಮಾಡಿದೆ. ಕೋಳಿಯನ್ನು ಇಡಿಯಾಗಿ ಒವನಿಗೆ ಇಡು ಎಂದರೆ, ಇಡೀ ಕೋಳಿ ಒಳಗೆ ಹೇಗೆ ಬೇಯುತ್ತದೆ ಎಂದು ಅನುಮಾನವಾಗಿ ತುಂಡು ಮಾಡಿ ಇಟ್ಟೆ. ಸಾಹೇಬರು ತಟ್ಟೆ ನೋಡಿ, ಈ ಕೋಳಿಗೆ ಏನು ಅಪಘಾತವಾಯಿತು ಎಂದು ಕೇಳಿದರು. ಆಗ ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿಯುವ ಕಾಲವಲ್ಲ. ಮೇಡಂ ಪಕ್ಕದಲ್ಲಿ ನಿಂತು ಹೇಳಬೇಕು, ನಾನು ಮೂಸಿ ನೋಡಿ ನೆನಪಿಟ್ಟುಕೊಳ್ಳಬೇಕು. ಹಾಗೆ ಕಲಿತದ್ದು ಮಾತ್ರ ಈವರೆಗೂ ಮರೆತಿಲ್ಲ.

ನಿಜವಾದ ಇಂಗ್ಲಿಷ್ ಅಡುಗೆಯನ್ನು ನನಗೆ ಕಲಿಸಿದವರು ಮೇಡಂ ಅಲ್ಲ, ಮೇಡಮಿನ ತಾಯಿ. ಮನೆಯಲ್ಲಿ ಎಲ್ಲರೂ ಅವರನ್ನು ಗ್ರ್ಯಾನಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮೊದಲು ಚಳಿಗಾಲಕ್ಕೆ ಮಾತ್ರ ಬಂದು ಹೋಗುತ್ತಿದ್ದರು. ಗಂಡ ತೀರಿಕೊಂಡ ಮೇಲೆ, ಮರೆವು ಸಣ್ಣಗೆ ಶುರುವಾದಾಗ, ಮಗಳ ಮನೆಗೇ ಬಂದುಬಿಟ್ಟರು. ಸಣಕಲು ಹೆಂಗಸು, ನೀಲಿ ಕಣ್ಣು, ಕೈ ಮಾತ್ರ ಒಂದು ನಿಮಿಷ ಸುಮ್ಮನಿರುತ್ತಿರಲಿಲ್ಲ.

ಅವರು ಬಂದ ಹೊಸದರಲ್ಲೇ ನಾನೊಂದು ಅನಾಹುತ ಮಾಡಿದೆ. ಭಾನುವಾರ ಗೋಮಾಂಸ ಹುರಿದಾಗ ಇಳಿದ ಕೊಬ್ಬನ್ನು ಅವರು ಒಂದು ಬೋಗುಣಿಯಲ್ಲಿ ಸೋಸಿ ಇಟ್ಟಿದ್ದರು. ನಾನು ಅದನ್ನು ಎಂಜಲೆಂದು ತಿಳಿದು ಎಸೆದು, ಬೋಗುಣಿ ಫಳಫಳ ತಿಕ್ಕಿ ಇಟ್ಟೆ. ಮಾರನೇ ದಿನ ಗ್ರ್ಯಾನಿ ಆ ಖಾಲಿ ಬೋಗುಣಿ ಹಿಡಿದು ನನ್ನ ಬಳಿ ಬಂದರು. ಬೈಯಲಿಲ್ಲ. "ಅದನ್ನು ಬ್ರೆಡ್ಡಿಗೆ ಹಚ್ಚಿ ಉಪ್ಪು ಉದುರಿಸಿ ತಿನ್ನುತ್ತಿದ್ದೆವು ಜೂಲಿ. ನಮ್ಮ ಮನೆಯಲ್ಲಿ ಅದಕ್ಕೇ ಜಗಳ" ಎಂದರು. ಬೈದಿದ್ದರೆ ಇಷ್ಟು ಬೇಸರವಾಗುತ್ತಿರಲಿಲ್ಲ.

ಆ ದಿನದಿಂದ ಅವರು ತಾವು ಚಿಕ್ಕವರಿದ್ದಾಗಿನ, ಎರಡನೇ ಮಹಾಯುದ್ಧದ ಕಾಲದ ಅಡುಗೆಯ ಕಥೆ ಹೇಳತೊಡಗಿದರು. ನನ್ನ ಇಂಗ್ಲಿಷ್ ಅರೆಬರೆ. ಅವರು ಹೇಳಿದ್ದರಲ್ಲಿ ಅರ್ಧ ಕಿವಿಗೆ ತಿಳಿಯುತ್ತಿತ್ತು, ಉಳಿದರ್ಧ ಅವರ ಕೈ ನೋಡಿ ತಿಳಿಯುತ್ತಿತ್ತು. ರೇಷನ್ನಿನಲ್ಲಿ ವಾರಕ್ಕೆ ಒಬ್ಬರಿಗೆ ಒಂದು ಮೊಟ್ಟೆ, ಅದೂ ಅಂಗಡಿ ಮುಂದೆ ಸಾಲು ನಿಂತು ಸಿಕ್ಕಿದರೆ. ಬೆಂಕಿಪೊಟ್ಟಣದಷ್ಟು ಬೆಣ್ಣೆ. ಅದನ್ನು ಬ್ರೆಡ್ಡಿಗೆ ಹಚ್ಚಿ, ಹಚ್ಚಿದ್ದನ್ನೇ ಮತ್ತೆ ಚಾಕುವಿನಿಂದ ಕೆರೆದು ತೆಗೆಯುವುದು. ಬೆಣ್ಣೆ ಸುತ್ತಿ ಬಂದ ಕಾಗದವನ್ನೂ ಎಸೆಯುವ ಹಾಗಿಲ್ಲ, ಕೇಕಿನ ತಟ್ಟೆಗೆ ಜಿಡ್ಡು ಸವರಲು ಅದೇ. ಸಕ್ಕರೆ ಸಾಲದಿದ್ದರೆ ಪುಡ್ಡಿಂಗಿಗೆ ಕ್ಯಾರೆಟ್ ತುರಿದು ಹಾಕುವುದು. ಬಾಳೆಹಣ್ಣು ಹಡಗಿನಲ್ಲಿ ಬರುವುದೇ ನಿಂತಿತ್ತು. ಹಾಗಾಗಿ ಬಿಳಿ ಕ್ಯಾರೆಟ್ಟಿನಂತಿರುವ ಪಾರ್ಸ್‌ನಿಪ್ ಎಂಬ ಗೆಡ್ಡೆಯನ್ನು ಬೇಯಿಸಿ ನುಣ್ಣಗೆ ಕಲಸಿ, ನಾಲ್ಕು ಹನಿ ಎಸೆನ್ಸ್ ಬಿಟ್ಟು, ಮಕ್ಕಳಿಗೆ ಇದೇ ಬಾಳೆಹಣ್ಣು ಎಂದು ಕೊಡುತ್ತಿದ್ದರಂತೆ. ಗ್ರ್ಯಾನಿಯ ತಮ್ಮ ಟಾಮಿ ಅದನ್ನೇ ತಿಂದು ಬೆಳೆದವನು. ಯುದ್ಧ ಮುಗಿದ ಮೇಲೆ ನಿಜವಾದ ಬಾಳೆಹಣ್ಣು ಕೊಟ್ಟರೆ, ಇದು ಸುಳ್ಳು ಬಾಳೆಹಣ್ಣು ಎಂದು ಉಗಿದು ಅತ್ತನಂತೆ. ಇದನ್ನು ಹೇಳುವಾಗ ಗ್ರ್ಯಾನಿ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

ಒಮ್ಮೆ ಬಟಾಟೆ ಸಿಪ್ಪೆ ತೆಗೆಯುತ್ತ, ನಗದೆ ಹೇಳಿದ ಮಾತೂ ಇದೆ. ತಂದೆ ಹಡಗಿನ ಕೆಲಸಕ್ಕೆ ಹೋದವರು ವಾಪಸು ಬರಲಿಲ್ಲ. ತಾಯಿ ಇಬ್ಬರು ಮಕ್ಕಳಿಗೆ ಬಡಿಸಿ ಎದುರಿಗೆ ಕೂರುತ್ತಿದ್ದಳು. ಮಕ್ಕಳು ತಿಂದು ಮುಗಿಸಿ, ಖಾಲಿ ತಟ್ಟೆಯನ್ನು ಓರೆ ಮಾಡಿ ತೋರಿಸಬೇಕು. "ಮಮ್ಮಿ, ನಿನ್ನದು?" ಎಂದು ಕೇಳಿದರೆ, "ನನ್ನದು ಅಡುಗೆಮನೆಯಲ್ಲೇ ಆಯಿತು" ಎನ್ನುತ್ತಿದ್ದಳು. ಕೆಲವು ದಿನ, "ನಾನು ಆಮೇಲೆ ತಿನ್ನುತ್ತೇನೆ" ಎನ್ನುತ್ತಿದ್ದಳು. ಯುದ್ಧ ಮುಗಿದರೂ ರೇಷನ್ ಮುಗಿದಿರಲಿಲ್ಲ. ಒಂದು ಚಳಿಗಾಲದಲ್ಲಿ ತಾಯಿಗೆ ಜ್ವರ ಬಂತು, ಎದೆ ಕಟ್ಟಿತು, ಆಕೆ ಏಳಲೇ ಇಲ್ಲ. ಬಂದ ಡಾಕ್ಟರು ಆಕೆಯ ಕೈ ಎತ್ತಿ ನೋಡಿ, ಈ ಮನೆಯಲ್ಲಿ ಈಕೆ ಊಟ ಮಾಡುತ್ತಿರಲಿಲ್ಲವೇ ಎಂದು ಕೇಳಿದರಂತೆ. "ಅಡುಗೆಮನೆಯಲ್ಲಿ ತಿನ್ನುತ್ತಿದ್ದಳು ಅಂತ ನಾನೇ ಹೇಳಿದೆ, ಜೂಲಿ" ಎಂದರು ಗ್ರ್ಯಾನಿ. ನಾನು ಅಯ್ಯೋ ಎಂದೆ. ಕುಕ್ಕರ್ ಕೂಗಿತು. ಗ್ಯಾಸ್ ಆರಿಸಲು ಎದ್ದವಳು ಆ ಮಾತನ್ನು ಅಲ್ಲಿಗೇ ಬಿಟ್ಟೆ.

ಆಮೇಲೆ ಗಡಿ ಮುಚ್ಚಿದ ವರ್ಷ ಬಂತು. ರಂಜಾನ್ ತಿಂಗಳು, ಹೊರಗೆ ಕಾಲಿಟ್ಟರೆ ಸುಡುವ ಬಿಸಿಲು. ಅಕ್ಕಪಕ್ಕದ ದೇಶಗಳು ಒಮ್ಮೆಲೇ ದಾರಿ ಮುಚ್ಚಿವೆ, ಲಾರಿಗಳು ಬರುವುದಿಲ್ಲ ಎಂದು ಬೆಳಿಗ್ಗೆ ಸುದ್ದಿ ಬಂತು. ಸುಧಾಕರಣ್ಣ ಓಡಿಬಂದವರೇ, "ಎಂತ ಮಾರಾಯ್ರೆ ಇದು ಬಾಯಮ್ಮ! ಅಂಗಡಿಯಲ್ಲಿ ಹಾಲು ಇಲ್ಲವೇ ಇಲ್ಲ, ಮಾಫಿ, ಲಬನ್ ಮಜ್ಜಿಗೆಯೂ ಮಾಫಿ, ಕೋಳಿ ಸಹ ಖಲಾಸ್. ಜನ ಟ್ರಾಲಿ ತುಂಬ್ಸಿ ತುಂಬ್ಸಿ ಕೊಂಡೋಗ್ತಾ ಇದ್ದಾರೆ. ಯಲ್ಲಾ, ಬೇಗ ಮೇಡಂಗೆ ಹೇಳಿ" ಎಂದರು.

ಮೇಡಂ ನನ್ನನ್ನು ಕರೆದುಕೊಂಡು ಹೊರಟರು. ಗ್ರ್ಯಾನಿಯನ್ನು ಒಬ್ಬರೇ ಬಿಡುವಂತಿರಲಿಲ್ಲ, ಅವರೂ ಬಂದರು. ಒಳಗೆ ಹೋದರೆ ಹಾಲಿನ ಕಪಾಟು ಈ ತುದಿಯಿಂದ ಆ ತುದಿಯವರೆಗೆ ಬೋಳು. ಮುಂದೆ ಜನವೋ ಜನ. ಗ್ರ್ಯಾನಿ ಆ ಕಪಾಟನ್ನು ನೋಡಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಆಮೇಲೆ, ನಮ್ಮ ಪಕ್ಕದಲ್ಲಿದ್ದ ಬುರ್ಖಾ ಹಾಕಿದ ಹೆಂಗಸಿನ ಬಳಿ ಬಹಳ ಮರ್ಯಾದೆಯಿಂದ, "ಸಾಲು ಎಲ್ಲಿಂದ ಶುರುವಾಗುತ್ತದೆ?" ಎಂದು ಕೇಳಿದರು. ಆಕೆ ಏನೂ ತಿಳಿಯದೆ ನಕ್ಕು ದಾರಿ ಬಿಟ್ಟಳು. ಗ್ರ್ಯಾನಿ ಮುಂದೆ ಹೋಗಲಿಲ್ಲ. ಅವಳ ಹಿಂದೆ ಸಾಲು ನಿಂತರು.

ಹಾಲಿನ ತೊಂದರೆ ಹೆಚ್ಚು ದಿನ ಇರಲಿಲ್ಲ. ಟರ್ಕಿಯಿಂದ ವಿಮಾನದಲ್ಲಿ ಬಂತು, ಡಬ್ಬದ ಮೇಲೆ ಓದಲಾಗದ ಅಕ್ಷರ, ರುಚಿ ಬೇರೆ. ಊರಿಗೆ ಊರೇ ಅದನ್ನು ಮರೆತು ಮುಂದೆ ಹೋಯಿತು. ಗ್ರ್ಯಾನಿ ಮಾತ್ರ ಆ ಬೋಳು ಕಪಾಟಿನ ಮುಂದೆಯೇ ಉಳಿದುಬಿಟ್ಟರು. ಅದೇ ಸಂಜೆ ಬೇಯಿಸಿದ ಮೊಟ್ಟೆಯನ್ನು ಎರಡು ಮಾಡಿ, ಅರ್ಧ ತಿಂದು, ಉಳಿದರ್ಧಕ್ಕೆ ಸಾಸರ್ ಮುಚ್ಚಿ ಬದಿಗಿಟ್ಟರು. ವಾರ ಕಳೆಯುವಾಗ ಆ ಅರ್ಧವನ್ನೂ ತಿನ್ನುವುದು ಬಿಟ್ಟರು. ತಟ್ಟೆ ತಂದಿಟ್ಟರೆ ನನ್ನ ಮುಖ ನೋಡಿ, "ನಿನ್ನದು ಆಯಿತಾ?" ಎನ್ನುವರು.

ಈಗ ನಮ್ಮ ಕಡೆಯ ಹೆಂಗಸರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಬಡಿಸುವವಳು ಮೊದಲು ಉಣ್ಣುವುದುಂಟೇ? ಸ್ವಂತ ಮನೆಯಲ್ಲೇ ಇಲ್ಲ, ಇನ್ನು ಕೆಲಸದ ಮನೆಯಲ್ಲಿ! ಎಲ್ಲರದ್ದೂ ಮುಗಿದು, ಪಾತ್ರೆ ತೊಳೆದು, ಕಟ್ಟೆ ಒರೆಸಿ, ಸಿಂಕಿನ ಹತ್ತಿರ ನಿಂತುಕೊಂಡೇ ಎರಡು ತುತ್ತು ತಿನ್ನುವುದು ನನ್ನ ಪದ್ಧತಿ. ಹಾಗಾಗಿ ಪ್ರತಿ ಸಲವೂ ನಾನು ನಗುತ್ತ, "ನೀವು ತಿನ್ನಿ ಗ್ರ್ಯಾನಿ, ನಾನು ಆಮೇಲೆ ತಿನ್ನುತ್ತೇನೆ" ಎನ್ನುತ್ತಿದ್ದೆ. ಅವರು ತಟ್ಟೆಯನ್ನು ಮೆಲ್ಲಗೆ ನನ್ನ ಕಡೆ ಸರಿಸುತ್ತಿದ್ದರು. ಹಸಿವಿಲ್ಲವೇನೋ, ರುಚಿಯಿಲ್ಲವೇನೋ ಎಂದು ನಾನು ಇನ್ನಷ್ಟು ಬಡಿಸುತ್ತಿದ್ದೆ. ಒತ್ತಾಯ ಮಾಡಿ ಬಡಿಸುವುದೇ ಪ್ರೀತಿ ಎಂದು ಬೆಳೆದವಳು ನಾನು. ತಟ್ಟೆ ತುಂಬಿದಷ್ಟೂ ಅವರು ಹೆದರಿಕೊಂಡು ಕುರ್ಚಿ ಹಿಂದೆ ಸರಿಸುತ್ತಿದ್ದರು.

ಸೆಕೆಗಾಲ ಮುಗಿಯುವಷ್ಟರಲ್ಲಿ ಗ್ರ್ಯಾನಿ ಅರ್ಧ ಆಗಿದ್ದರು. ಮದುವೆಯ ಉಂಗುರ ಬೆರಳಲ್ಲಿ ನಿಲ್ಲದೆ ದಾರ ಸುತ್ತಿ ಹಾಕಬೇಕಾಯಿತು. ಸುಧಾಕರಣ್ಣ ದೋಹಾದ ಆಸ್ಪತ್ರೆಗೆ ಎಷ್ಟೋ ಸಲ ಕರೆದುಕೊಂಡು ಹೋದರು. ಡಾಕ್ಟರು ಒಳ್ಳೆಯವರು, ಕೊಡಬಹುದಾದ ಟಾನಿಕ್ಕು, ಹಾಲಿಗೆ ಕಲಸುವ ಪುಡಿ ಎಲ್ಲ ಕೊಟ್ಟರು. ಮರೆವಿನ ಕಾಯಿಲೆಯಲ್ಲಿ ಹೀಗೂ ಆಗುತ್ತದೆ, ಮೂಗಿಗೆ ನಳಿಗೆ ಹಾಕಿ ಆಹಾರ ಕೊಡುವ ಮಾತು ಮುಂದೆ ಬರಬಹುದು ಎಂದರು. ಆ ದಿನ ಹೆಲೆನ್ ಮೇಡಂ ಅಡುಗೆಮನೆಗೆ ಬಂದು ಫ್ರಿಜ್ಜಿನ ಬಾಗಿಲು ತೆರೆದರು. ಒಳಗೆ ಜಾಗವಿಲ್ಲದಷ್ಟು ಸಾಮಾನು. "ತುಂಬಿದ ಮನೆಯಲ್ಲಿ ನನ್ನ ಅಮ್ಮ ಹಸಿವಿನಿಂದ ಸಾಯುತ್ತಿದ್ದಾಳೆ ಜೂಲಿ" ಎಂದು ಅತ್ತರು. ಅಡುಗೆಯವಳಾಗಿ ಒಂದು ಮುದುಕಿಗೆ ಒಂದು ತುತ್ತು ತಿನ್ನಿಸಲಾಗದಿದ್ದರೆ ನಾನು ಇಲ್ಲಿ ಯಾಕೆ ಇದ್ದೇನೆ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಒಂದು ಮಧ್ಯಾಹ್ನ ಸುಧಾಕರಣ್ಣ ಸಾಹೇಬರನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟು ಹಸಿದು ಬಂದರು. "ಬಾಯಮ್ಮ, ಹೊಟ್ಟೆ ತಾಳ ಹಾಕ್ತಾ ಉಂಟು. ಎಂತ ಉಂಟಾ ಅದು ಹಾಕಿ" ಎಂದು ಅಡುಗೆಮನೆಯ ಮೇಜಿಗೇ ಕೂತುಬಿಟ್ಟರು. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಹಾಕಿದೆ. ಅವರು ಉಣ್ಣುತ್ತಿರುವಾಗ ಗ್ರ್ಯಾನಿ ಗೋಡೆ ಹಿಡಿದುಕೊಂಡು ಒಳಗೆ ಬಂದರು. ಮನೆಯವರು ತಿನ್ನುವ ಮೊದಲೇ ಡ್ರೈವರ್ ಉಣ್ಣುತ್ತಿದ್ದಾನೆ ಎಂದು ನನಗೆ ಜೀವ ಬಾಯಿಗೆ ಬಂತು. "ಏಳಿ ಏಳಿ" ಎಂದು ಕಣ್ಸನ್ನೆ ಮಾಡಿದೆ. ಅವರಿಗೆ ಏಳುವಷ್ಟು ಪುರುಸೊತ್ತು ಇರಲಿಲ್ಲ. ಗ್ರ್ಯಾನಿ ಎದುರಿನ ಕುರ್ಚಿಯಲ್ಲಿ ಕೂತು, ಅವರ ಕೈ ತಟ್ಟೆಯಿಂದ ಬಾಯಿಗೆ ಹೋಗುವುದನ್ನೇ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಇವನದು ಆಗುತ್ತಿದೆ. ನನಗೂ ಸ್ವಲ್ಪ ಕೊಡುತ್ತೀಯಾ?" ಎಂದರು.

ಅವರಿಗೆಂದು ಮಾಡಿದ್ದ ಬಟಾಟೆ, ಬಟಾಣಿ ಸ್ವಲ್ಪವೇ ಹಾಕಿ ಕೊಟ್ಟೆ. ಪೂರ್ತಿ ತಿಂದರು. ತಿಂದು, ತಟ್ಟೆಯನ್ನು ಓರೆ ಮಾಡಿ ಸುಧಾಕರಣ್ಣನಿಗೆ ತೋರಿಸಿದರು.

"ಎಂತ ಇವರು, ತಟ್ಟೆ ತೋರಿಸುದು?" ಎಂದರು ಸುಧಾಕರಣ್ಣ. ನನಗೆ ಬಟಾಟೆ ಸಿಪ್ಪೆ ತೆಗೆಯುತ್ತ ಕೇಳಿ ಬಿಟ್ಟ ಮಾತೆಲ್ಲ ಒಂದೊಂದೇ ವಾಪಸು ಬಂತು. ಇಷ್ಟು ತಿಂಗಳು ದಿನಕ್ಕೆ ಮೂರು ಸಲ ಅವರೆದುರು ನಿಂತು ನಾನು ಅವರ ತಾಯಿಯ ಮಾತನ್ನೇ ಹೇಳುತ್ತಿದ್ದೆ: ನೀವು ತಿನ್ನಿ, ನಾನು ಆಮೇಲೆ. ಆ ಮಾತಿನ ಕೊನೆ ಏನೆಂದು ಬಲ್ಲ ಹೆಂಗಸು ತುತ್ತನ್ನು ಹೇಗೆ ನುಂಗಿಯಾಳು? ಗ್ರ್ಯಾನಿ ಹಟ ಮಾಡುತ್ತಿರಲಿಲ್ಲ. ನನ್ನನ್ನು ಉಳಿಸಲು ನೋಡುತ್ತಿದ್ದರು.

ಮೇಡಂಗೆ ಹೇಳಿದೆ. ಅವರಿಗೆ ತಮ್ಮ ಅಜ್ಜಿ ಜ್ವರದಲ್ಲಿ ತೀರಿಹೋದದ್ದು ಮಾತ್ರ ಗೊತ್ತಿತ್ತು. ಉಳಿದದ್ದನ್ನು ಗ್ರ್ಯಾನಿ ಮಗಳಿಗೆ ಯಾವತ್ತೂ ಹೇಳಿರಲಿಲ್ಲ. ಮೇಡಂ ಕುರ್ಚಿ ಎಳೆದು ನನ್ನನ್ನು ಕೂರಿಸಿದರು. "ಇವತ್ತಿನಿಂದ ನೀನು ಮೊದಲು ತಿನ್ನು" ಎಂದರು.

ಕೇಳಲು ಸುಲಭ. ನನಗೆ ಮೊದಲ ದಿನ ಅಲ್ಲಿ ಕೂರಲಿಕ್ಕೇ ಆಗಲಿಲ್ಲ. ಮೇಜುಬಟ್ಟೆ, ಮುಳ್ಳುಚಮಚ, ಎದುರಿಗೆ ನನಗೆ ಸಂಬಳ ಕೊಡುವ ಮೇಡಂ. ಕುರ್ಚಿಯ ತುದಿಯಲ್ಲಿ ಕೂತು ಒಂದು ತುಂಡು ಬಾಯಿಗಿಟ್ಟು ಅಗಿಯುತ್ತಲೇ ಇದ್ದೆ. ಗ್ರ್ಯಾನಿ ನೋಡುತ್ತಲೇ ಇದ್ದರು. ನಾನು ನುಂಗಿದ ಮೇಲೆ ಅವರು ಚಮಚ ಎತ್ತಿದರು. ನಾನು ಇನ್ನೊಂದು ತಿಂದೆ, ಅವರೂ ತಿಂದರು. ಮೇಡಂ ತಲೆ ತಗ್ಗಿಸಿ ತಮ್ಮ ತಟ್ಟೆಯನ್ನೇ ನೋಡುತ್ತಿದ್ದರು.

ಆಮೇಲೆ ಅದೇ ನಮ್ಮ ಪದ್ಧತಿಯಾಯಿತು. ಬಡಿಸುವ ಕೆಲಸ ಗ್ರ್ಯಾನಿಯದೇ. ಒಂದು ಮೊಟ್ಟೆ ನನಗೆ, ಒಂದು ಅವರಿಗೆ. ಬೆಣ್ಣೆಯನ್ನು ನನ್ನ ಬ್ರೆಡ್ಡಿಗೆ ಸ್ವಲ್ಪ ಹೆಚ್ಚು ಹಚ್ಚುತ್ತಿದ್ದರು, ಅದನ್ನು ನಾನು ಕಂಡೂ ಕಾಣದ ಹಾಗಿರಬೇಕು. ಮುಗಿದ ಮೇಲೆ ಇಬ್ಬರೂ ತಟ್ಟೆ ಓರೆ ಮಾಡಿ ತೋರಿಸಿಕೊಳ್ಳುತ್ತಿದ್ದೆವು. ಸುಧಾಕರಣ್ಣ, "ನೀವೀಗ ದೊಡ್ಡ ಮೇಡಂ ಆಗಿದ್ದೀರಿ ಬಾಯಮ್ಮ, ನಮ್ಮದೆಲ್ಲ ನೆನಪುಂಟಾ" ಎಂದು ಚುಡಾಯಿಸುತ್ತಿದ್ದರು. ಚಳಿಗಾಲಕ್ಕೆ ಗ್ರ್ಯಾನಿಯ ಕೆನ್ನೆ ತುಂಬಿತು. ಉಂಗುರದ ದಾರ ಬಿಚ್ಚಿದೆವು.

ಆ ದಿನಗಳಲ್ಲಿ ರಾತ್ರಿ ಮಲಗಿದಾಗ ನನಗೆ ನನ್ನ ಅಮ್ಮನದೇ ನೆನಪು. ನಾವು ಐವರು ಮಕ್ಕಳು ಗಂಜಿ ಉಂಡು ಎದ್ದ ಮೇಲೆ ಅವಳು ಮಡಕೆ ಹಿಡಿದು ಹಿತ್ತಿಲ ಕಡೆ ಹೋಗುತ್ತಿದ್ದಳು. ನಾವು ಕೇಳಿದರೆ "ನಂದಾಯ್ತು" ಎನ್ನುತ್ತಿದ್ದಳು. ಆ ಮಡಕೆಯಲ್ಲಿ ಏನಿತ್ತು ಎಂದು ನಾನು ಒಂದು ದಿನವೂ ಬಗ್ಗಿ ನೋಡಿದವಳಲ್ಲ. ಈಗ ಕೇಳೋಣವೆಂದರೆ ಅವಳಿಲ್ಲ. ಗ್ರ್ಯಾನಿಯ ಜೊತೆ ಕೂತು ತಿನ್ನುವಾಗ ಎಷ್ಟೋ ಸಲ ನನಗೆ ದುಃಖ ಉಕ್ಕಿ ಬರುತ್ತಿತ್ತು. ಕಣ್ಣೀರಿನ ತಪ್ಪನ್ನು ಈರುಳ್ಳಿಯ ಮೇಲೆ ಹಾಕುವ ಹಾಗೂ ಇರಲಿಲ್ಲ, ಅವರ ಊಟದಲ್ಲಿ ಈರುಳ್ಳಿ ಕಡಿಮೆ.

ಎರಡು ಚಳಿಗಾಲ ಹಾಗೆ ನಡೆಯಿತು. ಎರಡನೆಯದರ ಕೊನೆಗೆ ಗ್ರ್ಯಾನಿಗೆ ಎದೆಯಲ್ಲಿ ಕಫ ಕಟ್ಟಿತು. ಆಸ್ಪತ್ರೆಯಿಂದ ವಾಪಸು ತಂದಾಗಲೇ ನಮಗೆಲ್ಲ ತಿಳಿದಿತ್ತು. ನುಂಗಲು ಆಗುತ್ತಿರಲಿಲ್ಲ. ತುಟಿ ಒದ್ದೆ ಮಾಡಿ, ಅಷ್ಟು ಸಾಕು, ನಳಿಗೆ ಹಾಕಿ ಹಿಂಸೆ ಕೊಡುವುದು ಬೇಡ ಎಂದು ಡಾಕ್ಟರೇ ಹೇಳಿದ್ದರು. ಮೇಡಂ ತಾಯಿಯ ಕೈ ಹಿಡಿದುಕೊಂಡು ಮಂಚದ ಬಳಿ ಕೂತಿದ್ದರು. ನಾನು ಕಾಲ ಬುಡದಲ್ಲಿ ಜಪಸರ ಹಿಡಿದು ಕೂತಿದ್ದೆ. ಎರಡು ದಿನದಿಂದ ಗ್ರ್ಯಾನಿ ಮಾತಾಡಿರಲಿಲ್ಲ.

ಸಂಜೆ, ದಿನಾ ನಾವಿಬ್ಬರೂ ಮೊಟ್ಟೆ ತಿನ್ನುತ್ತಿದ್ದ ಹೊತ್ತಿಗೆ, ಅವರು ಕಣ್ಣು ಬಿಟ್ಟು ನನ್ನನ್ನು ಹುಡುಕಿದರು.

"ನಿನ್ನದು ಆಯಿತಾ?"

ಬೆಳಗಿನಿಂದ ನಾನು ಏನೂ ತಿಂದಿರಲಿಲ್ಲ. ಅವರೆದುರು ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಇಲ್ಲ ಗ್ರ್ಯಾನಿ" ಎಂದೆ.

ಅವರಿಗೆ ಚಿಂತೆಯಾಯಿತು, ಹುಬ್ಬು ಗಂಟಾಯಿತು. ಉಸಿರು ಎಳೆದುಕೊಂಡು, ಒಂದೊಂದೇ ಶಬ್ದ ಹೇಳಿದರು: "ನನ್ನದು ಅಡುಗೆಮನೆಯಲ್ಲೇ ಆಯಿತು. ನೀನು ತಿನ್ನು."

ಹೆಲೆನ್ ಮೇಡಂ ಎದ್ದು ಹೋದರು. ಅಳಲು ಹೋದರೆಂದು ತಿಳಿದೆ. ಸ್ವಲ್ಪ ಹೊತ್ತಿಗೆ ಒಂದು ತಟ್ಟೆ ಹಿಡಿದು ಬಂದರು. ಬೇಯಿಸಿದ ಮೊಟ್ಟೆ, ಉದ್ದಕ್ಕೆ ಸೀಳಿದ ಬ್ರೆಡ್ಡು. ಆ ಮನೆಯಲ್ಲಿ ಅವರು ನನಗೆಂದು ಬೇಯಿಸಿದ್ದು ಅದೊಂದೇ ಸಲ. ತಟ್ಟೆ ನನ್ನ ಮಡಿಲಲ್ಲಿಟ್ಟು, "ತಿನ್ನು ಜೂಲಿ, ದಯವಿಟ್ಟು" ಎಂದರು.

ಸಾಯುತ್ತಿರುವವರ ಮುಂದೆ ಕೂತು ಉಣ್ಣುವುದು ನಮ್ಮಲ್ಲಿ ಉಂಟೇ? ಆದರೂ ತಿಂದೆ. ಅದಕ್ಕಿಂತ ಕಷ್ಟದ ಊಟ ನಾನು ಮಾಡಿಲ್ಲ. ಮೇಡಂ ಉಪ್ಪು ಹಾಕಲು ಮರೆತಿದ್ದರು, ನನ್ನ ಕಣ್ಣೀರೇ ಸಾಕಾಯಿತು. ಗ್ರ್ಯಾನಿ ಕಣ್ಣು ಮುಚ್ಚದೆ, ಮೊದಲ ತುತ್ತಿನಿಂದ ಕೊನೆಯ ತುತ್ತಿನವರೆಗೂ ನೋಡಿದರು. ಮುಗಿದ ಮೇಲೆ ನಾನು ತಟ್ಟೆಯನ್ನು ಓರೆ ಮಾಡಿ ತೋರಿಸಿದೆ. ಹುಬ್ಬಿನ ಗಂಟು ಬಿಚ್ಚಿತು. "ಒಳ್ಳೆಯ ಹುಡುಗಿ" ಎಂದರು. ನನಗಾಗ ಅರುವತ್ತು ಹತ್ತಿರ ಬಂದಿತ್ತು. ನನ್ನನ್ನು ಹುಡುಗಿ ಎನ್ನುವವರು ಊರಿನಲ್ಲೂ ಯಾರೂ ಉಳಿದಿರಲಿಲ್ಲ.

ಆಮೇಲೆ ಅವರು ಮಾತಾಡಲಿಲ್ಲ. ಬೆಳಗಾಗುವ ಮೊದಲು ಹೋದರು. ಆ ರಾತ್ರಿ ತಟ್ಟೆ ತೊಳೆದಿಡಲು ನಾನು ಎರಡು ಸಲ ಎದ್ದಿದ್ದೆ. ಎರಡು ಸಲವೂ ಮನಸ್ಸು ಬಾರದೆ, ಅವರು ಕಣ್ಣು ಬಿಟ್ಟರೆ ಕಾಣಲಿ ಎಂದು, ಆ ಖಾಲಿ ತಟ್ಟೆಯನ್ನು ಅವರ ತಲೆದಿಂಬಿನ ಪಕ್ಕದಲ್ಲೇ ಇಟ್ಟು ಕೂತೆ.